ಮಳೆ, ಫಸಲು ಮತ್ತು ಒಂದು ಸೊನ್ನೆ

ಕೊಡಗಿನ ಅನೇಕ ಕಾಫಿ ತೋಟದ ಮನೆಗಳಲ್ಲಿ, ಹಿಂದಿನ ದಿನ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಮಳೆ ಬಿತ್ತೆಂದು ಪ್ರತಿ ಬೆಳಿಗ್ಗೆ ಅಳೆದು ಬರೆದಿಡುವ ರೂಢಿಯಿದೆ. ಮಳೆಗೂ ಫಸಲಿಗೂ ನಂಟಿದೆ ಎಂಬುದನ್ನು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ನಂಟು ಎಷ್ಟು ಗಟ್ಟಿಯೆಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ಹೊರಟಾಗ ಮಾತ್ರ ಸಂಖ್ಯಾಶಾಸ್ತ್ರದ ನೆರವು ಬೇಕಾಗುತ್ತದೆ.

ದೇಹದ ಅಂಗಗಳ ಅಳತೆಗಳನ್ನು ಹೋಲಿಸುತ್ತಿದ್ದ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1888ರಲ್ಲಿ ಸಹಸಂಬಂಧದ, ಅಂದರೆ ಎರಡು ಅಳತೆಗಳು ಜೊತೆಜೊತೆಗೆ ಬದಲಾಗುವ ನಂಟಿನ, ಕಲ್ಪನೆಯನ್ನು ಮುಂದಿಟ್ಟರು; ಇಂದು ಬಳಕೆಯಲ್ಲಿರುವ ಸೂತ್ರಕ್ಕೆ 1890ರ ದಶಕದಲ್ಲಿ ರೂಪ ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್. ಪ್ರತಿ ವರ್ಷದ ಮಳೆ ತನ್ನ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ, ಅದೇ ವರ್ಷದ ಫಸಲು ತನ್ನ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ನೋಡಿ, ಆ ಎರಡು ಅಂತರಗಳನ್ನು ಗುಣಿಸಬೇಕು. ಎರಡೂ ಒಟ್ಟಿಗೆ ಏರಿದರೆ ಅಥವಾ ಒಟ್ಟಿಗೆ ಇಳಿದರೆ ಗುಣಲಬ್ಧ ಧನ. ಒಂದು ಏರಿ ಇನ್ನೊಂದು ಇಳಿದರೆ ಋಣ. ಈ ಗುಣಲಬ್ಧಗಳ ಸರಾಸರಿಯಲ್ಲೊಂದು ತೊಡಕಿದೆ: ಮಳೆಯನ್ನು ಇಂಚಿನ ಬದಲು ಮಿಲಿಮೀಟರಿನಲ್ಲಿ ಅಳೆದರೆ ಅದು 25.4 ಪಟ್ಟು ಹಿಗ್ಗುತ್ತದೆ, ನಂಟು ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದಲೇ ಅದನ್ನು ಎರಡೂ ಅಳತೆಗಳ ಮಾನಕ ವಿಚಲನೆಗಳಿಂದ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನು ಹೇಳುವ ಸಂಖ್ಯೆಗಳಿಂದ) ಭಾಗಿಸುತ್ತಾರೆ. ಆಗ ಇಂಚು, ಚೀಲಗಳೆಲ್ಲ ಕಳಚಿಹೋಗಿ, −1ರಿಂದ +1ರೊಳಗಿನ ಶುದ್ಧ ಸಂಖ್ಯೆಯೊಂದು ಉಳಿಯುತ್ತದೆ. ಇದೇ ಸಹಸಂಬಂಧ ಗುಣಾಂಕ. ಅದು +1 ಅಥವಾ −1ಕ್ಕೆ ಹತ್ತಿರವಾದಷ್ಟೂ ನಂಟು ಗಟ್ಟಿ; ಸೊನ್ನೆಯಾದರೆ ಅದರ ಕಣ್ಣಿಗೆ ನಂಟು ಕಾಣುತ್ತಿಲ್ಲ ಎಂದರ್ಥ.

ಸೊಗಸಾದ ಈ ಗುಣಾಂಕ ಅಳೆಯುವುದು ಸರಳರೇಖೆಯ ನಂಟನ್ನು ಮಾತ್ರ; ಕಾಫಿಯ ನಂಟೋ ಬಾಗಿದ್ದು. ಮಳೆ ಸಾಲದಿದ್ದರೆ ಕಾಯಿ ಬಲಿಯುವುದಿಲ್ಲ, ಅತಿಯಾದರೆ ಕೊಳೆತು ಉದುರುತ್ತದೆ. ಒಂದು ಕಲ್ಪಿತ ತೋಟದಲ್ಲಿ ಐದು ವರ್ಷಗಳ ಮಳೆ 60, 80, 100, 120, 140 ಇಂಚು. ಎಕರೆಗೆ ಫಸಲು ಕ್ರಮವಾಗಿ 10, 20, 30, 20, 10 ಚೀಲ ಎಂದಿಟ್ಟುಕೊಳ್ಳೋಣ. ಸರಾಸರಿಗಳು 100 ಇಂಚು ಮತ್ತು 18 ಚೀಲ. ಅಂತರಗಳ ಗುಣಲಬ್ಧಗಳು 320, −40, 0, 40, −320. ಕೂಡಿದರೆ ಸೊನ್ನೆ, ಗುಣಾಂಕವೂ ಸೊನ್ನೆ! ಅಳತೆಗಳ ಬದಲು ಅವುಗಳ ಸ್ಥಾನಗಳನ್ನು (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಎಷ್ಟನೆಯದು ಎಂಬುದನ್ನು) ಹೋಲಿಸುವ, ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಸೂಚಿಸಿದ ವಿಧಾನವೂ ಇಲ್ಲಿ ಸೊನ್ನೆಯನ್ನೇ ಕೊಡುತ್ತದೆ. ಆದರೆ ಮೊದಲ ಮೂರು ವರ್ಷಗಳನ್ನಷ್ಟೇ ತೆಗೆದುಕೊಂಡರೆ ಪಿಯರ್ಸನ್ ಗುಣಾಂಕ ಸರಿಯಾಗಿ +1, ಕೊನೆಯ ಮೂರರದು −1. ಇಷ್ಟು ಬಿಗಿಯಾದ ಎರಡು ನಂಟುಗಳು ಒಂದನ್ನೊಂದು ಅಳಿಸಿಹಾಕಿವೆ.

ಹಾಗಾಗಿ ಲೆಕ್ಕಕ್ಕೆ ಕೂರುವ ಮುನ್ನ ಗ್ರಾಫ್ ಹಾಳೆಯ ಮೇಲೆ ವರ್ಷಕ್ಕೊಂದು ಚುಕ್ಕಿ ಇಟ್ಟು ನೋಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕಾಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ನಾಲ್ಕು ದತ್ತಾಂಶ ಗುಂಪುಗಳನ್ನು ರಚಿಸಿ ತೋರಿಸಿದರು. ನಾಲ್ಕರ ಗುಣಾಂಕವೂ ಸುಮಾರು 0.816, ಚುಕ್ಕಿಯಿಟ್ಟು ನೋಡಿದರೆ ನಾಲ್ಕೂ ಬೇರೆ ಬೇರೆ ಆಕಾರ, ಅವುಗಳಲ್ಲೊಂದು ನಮ್ಮ ಕಲ್ಪಿತ ತೋಟದ ಫಸಲಿನಂತೆ ಮೇಲೇರಿ ಕೆಳಗೆ ಬಾಗುವ ವಕ್ರರೇಖೆ.