ಬೀಗ ನಮ್ಮ ಮನೆಗೆ, ಬೀಗದ ಕೈ ಯಾರ ಹತ್ತಿರ?

ಹೊಸ ಕಂಪ್ಯೂಟರಿಗೆ ಹಳೆಯ ಸಾಫ್ಟ್‌ವೇರ್ ಒಂದನ್ನು ಹಾಕಲು ಹೋದೆ. ಸೌಂಡ್ ಎಡಿಟ್ ಮಾಡುವ ಸಾಧಾರಣ ಪ್ರೋಗ್ರಾಂ ಅದು. ದುಡ್ಡು ಕೊಟ್ಟೇ ಕೊಂಡದ್ದು. ಡಿಸ್ಕ್ ಇತ್ತು, ಡಬ್ಬಿ ಇತ್ತು, ಸೀರಿಯಲ್ ನಂಬರ್ ಇದ್ದ ಚೀಟಿಯೂ ಇತ್ತು. ಇನ್‌ಸ್ಟಾಲ್ ಆಯಿತು, ನಂಬರ್ ಒತ್ತಿದೆ. ‘ಸರ್ವರ್ ಸಿಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂದಿತು. ಆ ಸ್ವಲ್ಪ ಹೊತ್ತು ಇನ್ನೂ ಮುಗಿದಿಲ್ಲ. ಅದನ್ನು ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿಕೊಂಡಿತ್ತು. ಅದರ ಜೊತೆಗೆ ನನ್ನ ಸಾಫ್ಟ್‌ವೇರ್‌ಗೆ ‘ಹೂಂ’ ಅನ್ನಬೇಕಿದ್ದ ಯಂತ್ರವೂ ಹೋಗಿತ್ತು.

ಅವತ್ತಿನಿಂದ ಗೇಮ್ ಆಗಲಿ, ಸಾಫ್ಟ್‌ವೇರ್ ಆಗಲಿ, ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬೀಗ ಇದ್ದೇ ಇರುತ್ತದೆ, ಬೀಗದ ಕೈ ಎಲ್ಲಿದೆ? ಕಾಪಿ ಪ್ರೊಟೆಕ್ಷನ್, ಅಂದರೆ ನಕಲು ತಡೆಯುವ ಬೀಗ, ನಡೆದುಬಂದ ದಾರಿಯನ್ನು ನೋಡಿದರೆ, ಆ ಕೈ ನಮ್ಮ ಮೇಜಿನ ಮೇಲಿಂದ ಯಾರದೋ ಕಟ್ಟಡಕ್ಕೆ ಹೇಗೆ ಹೋಯಿತು ಅನ್ನುವುದೇ ಅದರ ಕಥೆ.

ಜಗಳ ಶುರುವಾದಾಗ ಬೀಗವೇ ಇರಲಿಲ್ಲ. 1976ರ ಫೆಬ್ರವರಿಯಲ್ಲಿ 20 ವರ್ಷದ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಕಂಪ್ಯೂಟರಿಗಾಗಿ ಅವರ ತಂಡ ಬರೆದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರ್ ಕಾಗದದ ಟೇಪಿನಲ್ಲಿ ಸಿಗುತ್ತಿತ್ತು. ಒಬ್ಬರು ಕೊಂಡರೆ ಊರಿಗೆಲ್ಲಾ ಹಂಚುತ್ತಿದ್ದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಬೇಸಿಕ್ ಕೊಂಡವರು ನೂರಕ್ಕೆ 10ಕ್ಕಿಂತ ಕಮ್ಮಿ, ಪಟ್ಟ ಶ್ರಮಕ್ಕೆ ಗಂಟೆಗೆ 2 ಡಾಲರೂ ಗಿಟ್ಟಲಿಲ್ಲ ಎಂಬುದು ಪತ್ರದ ದೂರು. ಆ ದೂರಿನಲ್ಲಿ ಹುರುಳಿತ್ತು, ಅದನ್ನು ಅಲ್ಲಗಳೆಯುವುದು ಕಷ್ಟ.

ಪತ್ರದಿಂದ ಯಾರೂ ಬದಲಾಗಲಿಲ್ಲ. ಫ್ಲಾಪಿ ಬಂದ ಮೇಲೆ ತಂತ್ರಗಳು ಶುರುವಾದವು. ಆಪಲ್ 2 ಕಂಪ್ಯೂಟರಿನಲ್ಲಿ ಫ್ಲಾಪಿ ಡ್ರೈವಿನ ಹೆಚ್ಚಿನ ಕೆಲಸವನ್ನು ಸಾಫ್ಟ್‌ವೇರೇ ನಡೆಸುತ್ತಿತ್ತು. ಹಾಗಾಗಿ ಪ್ರೋಗ್ರಾಂ ಬರೆದವರು ಡಿಸ್ಕಿನ ಮೇಲೆ ಮಾಹಿತಿಯನ್ನು ತಮಗೆ ಬೇಕಾದ ಹಾಗೆ, ಅಡ್ಡಾದಿಡ್ಡಿಯಾಗಿ ಇಡಬಹುದಿತ್ತು. ಮಾಮೂಲಿ ಕಾಪಿ ಕಮಾಂಡಿಗೆ ಅದು ತಲೆಬುಡ ಅರ್ಥವಾಗುತ್ತಿರಲಿಲ್ಲ. ಅದಕ್ಕೆ ಉತ್ತರವಾಗಿ 1981ರಲ್ಲಿ ಲಾಕ್‌ಸ್ಮಿತ್ ಎಂಬ ಕಾಪಿ ಪ್ರೋಗ್ರಾಂ ಬಂತು. ತಮಾಷೆ ಅಂದರೆ, ಅಮೆರಿಕದ ಕಾನೂನು 1980ರಲ್ಲೇ ಕೊಂಡವರು ಒಂದು ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು ಎಂದಿತ್ತು. ಕಾನೂನು ಮಾಡಿಕೋ ಅಂದದ್ದನ್ನು ಡಿಸ್ಕು ಬಿಡುತ್ತಿರಲಿಲ್ಲ.

ಕಮೊಡೋರ್ 64 ಕಂಪ್ಯೂಟರಿನ ಕಥೆ ಇನ್ನೂ ಚೆನ್ನಾಗಿದೆ. ಅದರ 1541 ಡ್ರೈವಿಗೆ ಡಿಸ್ಕ್ ಓದುವಾಗ ತಪ್ಪು ಸಿಕ್ಕರೆ, ಓದುವ ಹೆಡ್ಡನ್ನು ಹಿಂದಕ್ಕೆ ತಂದು ಒಂದು ತಡೆಗೆ ಟಕಟಕ ಅಂತ ಬಡಿದು ಮತ್ತೆ ಶುರುಮಾಡುವ ಅಭ್ಯಾಸ. ಗೇಮ್ ಮಾಡಿದವರು ಬೇಕೆಂದೇ ಡಿಸ್ಕಿನಲ್ಲಿ ತಪ್ಪುಗಳನ್ನು ಇಟ್ಟರು. ಆ ತಪ್ಪು ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಅಂದರೆ ಅಸಲಿ ಡಿಸ್ಕ್ ಹಾಕಿದಾಗಲೆಲ್ಲ ಡ್ರೈವ್ ತಲೆ ಚಚ್ಚಿಕೊಳ್ಳುತ್ತಿತ್ತು. ಕ್ರಮೇಣ ಹೆಡ್ಡಿನ ಅಲೈನ್‌ಮೆಂಟ್ ಕೆಟ್ಟು ರಿಪೇರಿಗೆ ಹೋಗಬೇಕಾಗುತ್ತಿತ್ತು. ಈ ಪರೀಕ್ಷೆಯನ್ನೇ ಕಿತ್ತುಹಾಕಿದ ಕದ್ದ ಕಾಪಿಯಲ್ಲಿ ಆ ಸದ್ದೂ ಇಲ್ಲ, ರಿಪೇರಿಯೂ ಇಲ್ಲ. ಏಟು ಬಿದ್ದದ್ದು ದುಡ್ಡು ಕೊಟ್ಟವರ ಯಂತ್ರಕ್ಕೆ. ಮುಂದಿನ 40 ವರ್ಷ ಇದೇ ಆಟ ಬೇರೆ ಬೇರೆ ವೇಷದಲ್ಲಿ ನಡೆಯಿತು.

ಆಫೀಸು ಸಾಫ್ಟ್‌ವೇರ್‌ಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಹಾರ್ಡ್ ಡಿಸ್ಕಿನಲ್ಲಿ ಇದ್ದರೂ, ಶುರುವಾಗಲು ಅಸಲಿ ಫ್ಲಾಪಿ ಡ್ರೈವಿನಲ್ಲಿ ಇರಬೇಕಿತ್ತು. ಆದರೆ ಇಲ್ಲಿ ಗಿರಾಕಿಗಳು ದೊಡ್ಡವರು. ನೂರಾರು ಕಾಪಿ ಒಟ್ಟಿಗೆ ಕೊಳ್ಳುವ ಸಂಸ್ಥೆಗಳು ಈ ರಗಳೆ ಬೇಡ ಎಂದವು. 80ರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಕಂಪನಿಗಳು ಈ ಬೀಗವನ್ನು ಕೈಬಿಟ್ಟವು. ಗೇಮ್‌ಗಳಲ್ಲಿ ಹಾಗಾಗಲಿಲ್ಲ. ಅವನ್ನು ಆಡುತ್ತಿದ್ದವರಲ್ಲಿ ಹುಡುಗರೇ ಜಾಸ್ತಿ, ಅವರ ಮಾತು ಯಾರು ಕೇಳುತ್ತಾರೆ?

ಗೇಮ್‌ಗಳು ಕಾಗದದ ಕಡೆ ತಿರುಗಿದವು. ಮ್ಯಾನ್ಯುಯಲ್ಲಿನ ಇಷ್ಟನೇ ಪುಟದ, ಇಷ್ಟನೇ ಸಾಲಿನ, ಇಷ್ಟನೇ ಪದ ಟೈಪ್ ಮಾಡಿ ಅನ್ನುತ್ತಿದ್ದವು. 1989ರ ಸಿಮ್‌ಸಿಟಿ ಜೊತೆ ಕಡುಗೆಂಪು ಹಾಳೆ ಕೊಟ್ಟಿದ್ದರು, ಜೆರಾಕ್ಸ್ ಮಾಡಿದರೆ ಬರೀ ಕಪ್ಪು ಬರಲಿ ಅಂತ. 1990ರ ಮಂಕಿ ಐಲೆಂಡ್ ಜೊತೆ ಕಡಲ್ಗಳ್ಳರ ಮುಖಗಳಿದ್ದ, ತಿರುಗಿಸುವ ರಟ್ಟಿನ ಚಕ್ರ ಬರುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವಾದದ್ದು 1985ರ ಲೆನ್ಸ್‌ಲಾಕ್. ಟಿವಿ ಪರದೆಯ ಮೇಲೆ ಚೂರುಚೂರಾಗಿ ಕಾಣುವ ಅಕ್ಷರಗಳನ್ನು ಪ್ಲಾಸ್ಟಿಕ್ಕಿನ ಒಂದು ಪುಟ್ಟ ಲೆನ್ಸ್ ಹಿಡಿದು ಓದಬೇಕು. ಟಿವಿ ಅಳತೆಗೆ ಹೊಂದಿಸಿಕೊಳ್ಳದಿದ್ದರೆ ಏನೂ ಕಾಣದು. ಸ್ಪೆಕ್ಟ್ರಂ ಕಂಪ್ಯೂಟರಿನ ಎಲೀಟ್ ಗೇಮಿನ ಕೆಲವು ಡಬ್ಬಿಗಳಲ್ಲಿ ಬೇರೆ ಗೇಮಿನ ಲೆನ್ಸ್ ಸೇರಿಹೋಗಿತ್ತು. ಪಾಪ, ಅವರು ಎಷ್ಟು ಕಣ್ಣು ಕಿರಿದು ಮಾಡಿದರೂ ಆಟ ಶುರುವಾಗುವಂತಿರಲಿಲ್ಲ.

ಇಷ್ಟಾದರೂ ಈ ಕಾಲದ ಬೀಗಗಳ ಬಗ್ಗೆ ನನಗೆ ಕೋಪವಿಲ್ಲ. ಚಕ್ರ, ಹಾಳೆ, ಲೆನ್ಸ್ ಎಲ್ಲ ಮನೆಯಲ್ಲೇ ಇರುತ್ತಿತ್ತು. ಕಳೆದುಕೊಂಡರೆ ತಪ್ಪು ನಮ್ಮದು. ಜೋಪಾನ ಮಾಡಿದವರು ಇವತ್ತಿಗೂ ಆಡಬಹುದು. ಇಂಥ ಬೀಗಕ್ಕೆ ನನ್ನ ಒಪ್ಪಿಗೆ ಇದೆ.

ಸಿಡಿ ಬಂದಾಗ ಸ್ವಲ್ಪ ಕಾಲ ಬೀಗವೇ ಬೇಕಾಗಲಿಲ್ಲ. ಒಂದು ಸಿಡಿಯಲ್ಲಿ 650 ಎಂಬಿ ಹಿಡಿಯುತ್ತಿತ್ತು, ಆಗಿನ ಎಷ್ಟೋ ಕಂಪ್ಯೂಟರುಗಳ ಹಾರ್ಡ್ ಡಿಸ್ಕೇ ಅಷ್ಟು ಇರಲಿಲ್ಲ. 90ರ ದಶಕದ ಕೊನೆಗೆ ಸಿಡಿ ರೈಟರ್ ಅಗ್ಗವಾಯಿತು. ಆಗ ಬಂದವು ಸೇಫ್‌ಡಿಸ್ಕ್, ಸೆಕ್ಯೂರಾಮ್, ಸ್ಟಾರ್‌ಫೋರ್ಸ್ ಎಂಬ ಬೀಗಗಳು. ಇವುಗಳಲ್ಲಿ ಕೆಲವು ಡಿಸ್ಕಿನಲ್ಲಷ್ಟೇ ಉಳಿಯಲಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ಒಳಗೆ ಡ್ರೈವರ್ ಎಂಬ ಪ್ರೋಗ್ರಾಂ ಇಟ್ಟು ಅಲ್ಲೇ ಕೂತವು. ಆಟ ತೆಗೆದುಹಾಕಿದರೂ ಕಾವಲುಗಾರ ಹೋಗುತ್ತಿರಲಿಲ್ಲ.

ಅದು ಎಲ್ಲಿಗೆ ಮುಟ್ಟಬಹುದು ಅನ್ನುವುದು 2005ರಲ್ಲಿ ಗೊತ್ತಾಯಿತು, ಅದೂ ಹಾಡಿನ ಸಿಡಿಗಳಿಂದ. ಸೋನಿ ಬಿಎಂಜಿ ಮಾರಿದ ಕೆಲವು ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ ಒಂದು ಪ್ರೋಗ್ರಾಂ ಒಳಗೆ ಸೇರಿ ಬಚ್ಚಿಟ್ಟುಕೊಳ್ಳುತ್ತಿತ್ತು. ಮಾರ್ಕ್ ರಸಿನೊವಿಚ್ ಎಂಬ ತಜ್ಞರು ತಮ್ಮ ಕಂಪ್ಯೂಟರಿನಲ್ಲೇ ಅದನ್ನು ಪತ್ತೆಮಾಡಿ ಬಯಲಿಗೆಳೆದರು. ಸ್ವಲ್ಪ ದಿನದಲ್ಲೇ ವೈರಸ್ ಬರೆಯುವವರು ಅದೇ ಮರೆಯಲ್ಲಿ ಅಡಗತೊಡಗಿದರು. ಕೊನೆಗೆ ಸೋನಿ ಸಿಡಿಗಳನ್ನು ವಾಪಸ್ ಪಡೆಯಬೇಕಾಯಿತು. ನನ್ನ ಸಿಸ್ಟಮ್ಮಿನ ಒಳಗೆ ಹೇಳದೆ ಕೇಳದೆ ಕೂರುವ ಬೀಗವನ್ನು ಬಿಟ್ಟಿ ಕೊಟ್ಟರೂ ನಾನು ಒಲ್ಲೆ.

ಇದರ ಬಾಲ 10 ವರ್ಷದ ನಂತರ ಕಾಣಿಸಿತು. ಸೇಫ್‌ಡಿಸ್ಕಿನ ಡ್ರೈವರಿನಿಂದ ಭದ್ರತೆಗೆ ಅಪಾಯ ಇದೆಯೆಂದು 2015ರ ವಿಂಡೋಸ್ 10 ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಮೈಕ್ರೋಸಾಫ್ಟ್ ಮಾಡಿದ್ದು ಸರಿಯೇ. ಆದರೆ ಒಂದೇ ಏಟಿಗೆ ರಾಶಿ ರಾಶಿ ಅಸಲಿ ಡಿಸ್ಕುಗಳು ಚಹಾ ಲೋಟ ಇಡುವ ತಟ್ಟೆಗಳಾದವು. ಅದೇ ಗೇಮುಗಳ ಕ್ರ್ಯಾಕ್ ಮಾಡಿದ, ಅಂದರೆ ಬೀಗ ಒಡೆದ ಕಾಪಿಗೆ ಈ ತೊಂದರೆ ಇರಲಿಲ್ಲ. ನಾವೇ ಬೀಗ ಒಡೆದುಕೊಳ್ಳೋಣ ಅಂದರೆ, ಅಮೆರಿಕದಲ್ಲಿ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ಪ್ರಕಾರ ಒಡೆಯುವುದೇ ಕಾನೂನುಬಾಹಿರ. 3 ವರ್ಷಕ್ಕೊಮ್ಮೆ ಕೆಲವು ವಿನಾಯಿತಿಗಳನ್ನು ಕೊಡುತ್ತಾರೆ, ಅಷ್ಟೇ.

ಆಮೇಲೆ ಬೀಗದ ಕೈ ಮನೆ ಬಿಟ್ಟು ಹೊರಟಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಆಕ್ಟಿವೇಶನ್ ಕೇಳಿತು, ಅಂದರೆ ಕಂಪನಿಯಿಂದ ಒಪ್ಪಿಗೆ ಪಡೆಯಬೇಕು. 2004ರಲ್ಲಿ ಹಾಫ್-ಲೈಫ್ 2 ಆಡಲು, ಡಿಸ್ಕ್ ಕೊಂಡವರೂ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಸೇವೆಯಲ್ಲಿ ಖಾತೆ ತೆರೆಯಬೇಕಾಯಿತು. 2008ರಲ್ಲಿ ಬಂದ ಸ್ಪೋರ್ ಗೇಮನ್ನು 3 ಸಲ ಮಾತ್ರ ಆಕ್ಟಿವೇಟ್ ಮಾಡಬಹುದಿತ್ತು. ಜನ ಅಮೆಜಾನ್‌ನಲ್ಲಿ ಒಂದು ಸ್ಟಾರ್‌ನ ವಿಮರ್ಶೆಗಳನ್ನು ಸುರಿಸಿದರು, ಇಎ ಕಂಪನಿ ಅದನ್ನು 5ಕ್ಕೆ ಏರಿಸಿತು. ಬೀಗ ಇಷ್ಟು ಬಿಗಿ ಇದ್ದರೂ ಆ ವರ್ಷ ಜನ ಫೈಲುಗಳನ್ನು ಹಂಚಿಕೊಳ್ಳುವ ಟೊರೆಂಟಿನಲ್ಲಿ ಹೆಚ್ಚು ಡೌನ್‌ಲೋಡ್ ಆದ ಗೇಮ್‌ಗಳಲ್ಲಿ ಅದೂ ಒಂದು.

ಅದೇ ವರ್ಷ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಜಿಒಜಿ ಎಂಬ ಅಂಗಡಿ ತೆರೆಯಿತು. ಹಳೆಯ ಗೇಮ್‌ಗಳನ್ನು ಬೀಗವೇ ಇಲ್ಲದೆ ಮಾರಿತು. 2011ರಲ್ಲಿ ತಮ್ಮದೇ ವಿಚರ್ 2 ಗೇಮಿನ ಡಿಸ್ಕ್ ಕಾಪಿಗೆ ಬೀಗ ಇತ್ತು. ಬಂದ ಕೆಲವೇ ದಿನಗಳಲ್ಲಿ ಒಂದು ಪ್ಯಾಚ್, ಅಂದರೆ ಸಣ್ಣ ತಿದ್ದುಪಡಿ, ಬಿಟ್ಟು ಅದನ್ನೂ ತೆಗೆದರು.

ಬೇರೆಯವರು ಎದುರು ದಿಕ್ಕಿಗೆ ಓಡಿದರು. 2010ರಲ್ಲಿ ಯೂಬಿಸಾಫ್ಟ್ ಕಂಪನಿ, ಒಬ್ಬರೇ ಆಡುವ ಅಸಾಸಿನ್ಸ್ ಕ್ರೀಡ್ 2ಕ್ಕೂ ಸದಾ ಇಂಟರ್ನೆಟ್ ಬೇಕು ಎಂದಿತು. ಸರ್ವರ್ ಮೇಲೆ ದಾಳಿಯಾದಾಗ ಕೊಂಡವರು ಸುಮ್ನೆ ಕೂತರು. 2012ರಲ್ಲಿ ಡಯಾಬ್ಲೊ 3 ಬಿಡುಗಡೆಯಾದ ದಿನ ಸರ್ವರ್ ತುಂಬಿದೆ ಎಂದು ಹೇಳುವ ‘ಎರರ್ 37’ ಅನ್ನುವುದೇ ಜೋಕ್ ಆಯಿತು. 2013ರ ಸಿಮ್‌ಸಿಟಿಯದ್ದು ಇನ್ನೂ ಸ್ವಾರಸ್ಯ. ನಮ್ಮ ಸರ್ವರ್ ಇಲ್ಲದೆ ಈ ಆಟ ನಡೆಯುವುದೇ ಇಲ್ಲ ಎಂದಿದ್ದರು. ಆಟಗಾರರು ಒಳಗೆ ಕೈಹಾಕಿ ನಡೆಸಿ ತೋರಿಸಿದರು. ವರ್ಷದ ನಂತರ ಕಂಪನಿಯೇ ಆಫ್‌ಲೈನ್ ಸೌಲಭ್ಯ ಕೊಟ್ಟಿತು.

ಮಾಡುವವರ ಕಷ್ಟ ನನಗೆ ಗೊತ್ತಿಲ್ಲ ಎಂದಲ್ಲ. ಗೇಮ್ ಡೆವ್ ಟೈಕೂನ್ ಮಾಡಿದ ಪುಟ್ಟ ತಂಡ 2013ರಲ್ಲಿ ತಾನೇ ಕ್ರ್ಯಾಕ್ ಆದ ಕಾಪಿಯೊಂದನ್ನು ಟೊರೆಂಟಿಗೆ ಬಿಟ್ಟಿತು. ಅದನ್ನು ಆಡಿದವರ ಆಟದೊಳಗಿನ ಕಂಪನಿ ಪೈರಸಿಯಿಂದಲೇ ದಿವಾಳಿಯಾಗುತ್ತಿತ್ತು. ಮೊದಲ ದಿನ ಆಡಿದ 3,318 ಜನರಲ್ಲಿ ದುಡ್ಡು ಕೊಟ್ಟವರು 214. ಇನ್ನು ದೊಡ್ಡ ಕಂಪನಿಗಳು 2014ರಿಂದ ಡೆನುವೊ ಎಂಬ ಬೀಗ ಬಳಸುತ್ತಿರುವುದಕ್ಕೂ ಕಾರಣವಿದೆ. ಮೊದಲ ಕೆಲವು ವಾರಗಳಲ್ಲೇ ವ್ಯಾಪಾರದ ದೊಡ್ಡ ಪಾಲು ನಡೆದುಹೋಗುತ್ತದೆ, ಅಷ್ಟು ದಿನ ಬೀಗ ನಿಂತರೆ ಸಾಕು. ಎಷ್ಟೋ ಕಂಪನಿಗಳು ಆಮೇಲೆ ಅದನ್ನು ತೆಗೆಯುತ್ತವೆ ಕೂಡ. ಹಾಗಾಗಿ ನಾನು ಕಾಯುತ್ತೇನೆ. ಬೀಗ ಹೋದ ದಿನ ಕೊಳ್ಳುತ್ತೇನೆ, ಅಷ್ಟರಲ್ಲಿ ಬೆಲೆಯೂ ಇಳಿದಿರುತ್ತದೆ. ಅವಸರಪಟ್ಟರೆ ಸಿಗುವುದೇನು? 2021ರಲ್ಲಿ ರೆಸಿಡೆಂಟ್ ಈವಿಲ್ ವಿಲೇಜ್ ಗೇಮನ್ನು ಕೊಂಡವರಿಗೆ ಆಟ ಎಡವುತ್ತಿತ್ತು, ಕ್ರ್ಯಾಕ್ ಮಾಡಿದವರಿಗೆ ಸಲೀಸಾಗಿ ಓಡುತ್ತಿತ್ತು. ಅದನ್ನು ಮಾಡಿದ ಕ್ಯಾಪ್‌ಕಾಮ್ ಆಮೇಲೆ ಪ್ಯಾಚ್ ಕೊಟ್ಟು ಸರಿಮಾಡಿತು. ನೆನಪಾಯಿತಲ್ವಾ, 1541 ಡ್ರೈವು?

ಕ್ರ್ಯಾಕ್ ಹಾಕಿಕೊಂಡು ಆಡಬಾರದೇ ಅಂತ ಗೆಳೆಯರು ಕೇಳುತ್ತಾರೆ. ಕೊಳ್ಳುವುದಿಲ್ಲ ಅಂದಮೇಲೆ ಆಡುವುದೂ ಇಲ್ಲ, ಇದು ನನ್ನ ಹಟ. ಕದ್ದು ಆಡಿದರೆ ಕಂಪನಿಯ ಲೆಕ್ಕದಲ್ಲಿ ನಾನು ಇನ್ನೊಬ್ಬ ಕಳ್ಳ, ಮುಂದಿನ ಬೀಗಕ್ಕೆ ಇನ್ನೊಂದು ನೆಪ. ಗಂಟುಬೀಳುವ ವೈರಸ್ಸಿನ ಮಾತು ಬೇರೆ.

ಬೀಗದ ಕೈ ದೂರವಿದ್ದರೆ ಕೊನೆಗೆ ಏನಾಗುತ್ತದೆ ಅನ್ನುವುದಕ್ಕೆ ದಿ ಕ್ರೂ ಸಾಕ್ಷಿ. 2014ರಲ್ಲಿ ಬಂದ ಈ ಕಾರ್ ರೇಸ್ ಗೇಮಿನ ಸರ್ವರುಗಳನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಒಬ್ಬರೇ ಆಡುವ ಭಾಗವೂ ಅದರ ಜೊತೆಗೇ ಹೋಯಿತು. ಇದರಿಂದ ರೊಚ್ಚಿಗೆದ್ದ ಯೂಟ್ಯೂಬರ್ ರಾಸ್ ಸ್ಕಾಟ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರುಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಕೊಡುವ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ. ಸಿಗುವುದು ಬರೀ ಲೈಸೆನ್ಸ್ ಆಗಿದ್ದರೆ, ಅದನ್ನು ಸ್ಪಷ್ಟವಾಗಿ ಹೇಳದೆ ‘ಕೊಳ್ಳಿ’ ಎಂಬ ಬಟನ್ ಇಡುವ ಹಾಗಿಲ್ಲ. ಇಳಿಸಿಕೊಂಡು ಶಾಶ್ವತವಾಗಿ ಆಫ್‌ಲೈನ್ ಬಳಸಬಹುದಾದ ಮಾಲಿಗೆ ಈ ಕಟ್ಟು ಇಲ್ಲ. ಆ ವಿನಾಯಿತಿಯೇ ನನಗೆ ಹೆಚ್ಚು ಇಷ್ಟವಾದದ್ದು.

ಮರ್ಯಾದೆಯಿಂದ ಅಂಗಡಿ ಮುಚ್ಚುವುದಕ್ಕೂ ಉದಾಹರಣೆ ಇದೆ. 2013ರಲ್ಲಿ ಅಡೋಬಿ ಕಂಪನಿ ಫೋಟೋಶಾಪ್ ಮುಂತಾದವಿದ್ದ ಹಳೆಯ ಸಿಎಸ್2ರ ಆಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, ಕೊಂಡವರಿಗಾಗಿ ಆಕ್ಟಿವೇಶನ್ ಬೇಡದ ಕಾಪಿಯನ್ನು ಇಟ್ಟಿತು. ಹೋಗುವಾಗ ಬೀಗದ ಕೈ ಕೊಟ್ಟು ಹೋದ ಹಾಗೆ. ಅದೇ ವರ್ಷ ತನ್ನ ಮುಖ್ಯ ಸಾಫ್ಟ್‌ವೇರ್‌ಗಳನ್ನು ತಿಂಗಳ ಚಂದಾಕ್ಕೆ ತಿರುಗಿಸಿದ್ದೂ ಅದೇ ಕಂಪನಿ, ಅದು ಬೇರೆ ವಿಷಯ. ಬಾಡಿಗೆ ಅಂತ ಹೇಳಿ ಬಾಡಿಗೆ ತೆಗೆದುಕೊಂಡರೆ ನನ್ನ ತಕರಾರಿಲ್ಲ.

ಈಗ ಏನಾದರೂ ಕೊಂಡರೆ ಮೊದಲು ಇನ್‌ಸ್ಟಾಲರನ್ನು ಬೇರೆ ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಆಮೇಲೆ ವೈಫೈ ಆಫ್ ಮಾಡಿ, ಅಲ್ಲಿಂದ ಇನ್‌ಸ್ಟಾಲ್ ಮಾಡಿ ನೋಡುತ್ತೇನೆ. ಸ್ಟೀಮ್‌ನಲ್ಲಿ ಕೊಂಡ ಕೆಲವು ಗೇಮ್‌ಗಳೂ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ, ಸುಮ್ನೆ ಫೋಲ್ಡರ್ ಕಾಪಿ ಮಾಡಿದರೂ ಓಡುತ್ತವೆ. ಫೇಲಾದದ್ದನ್ನು ರಿಫಂಡ್ ಅವಧಿಯೊಳಗೆ ವಾಪಸ್ ಕಳಿಸುತ್ತೇನೆ. ಒಂದನ್ನು ಮಾತ್ರ ಕಳಿಸಲಿಲ್ಲ. ಗೆಳೆಯರೆಲ್ಲ ರಾತ್ರಿ ಒಟ್ಟಿಗೆ ಆಡುವ ಗೇಮ್ ಅದು, ಸರ್ವರ್ ಇಲ್ಲದೆ ಮೆನು ಕೂಡ ತೆರೆಯುವುದಿಲ್ಲ. ಅದರ ದುಡ್ಡನ್ನು ಸಿನಿಮಾ ಟಿಕೆಟ್ಟಿನ ಲೆಕ್ಕಕ್ಕೆ ಬರೆದಿಟ್ಟಿದ್ದೇನೆ.