ಹೇಳಲು ಬಂದವರನ್ನು ಮೊದಲು ಏನು ಕೇಳುತ್ತೀರಿ?

ಬೆಳಗಿನ ಜಾವ ನಾಲ್ಕು ಗಂಟೆ. ರಾತ್ರಿ ಶಿಫ್ಟ್ ಮುಗಿಯುತ್ತಾ ಬಂದಿತ್ತು. ಹ್ಯಾಂಗರ್‌ನಲ್ಲಿದ್ದ ವಿಮಾನ ಇನ್ನು ಎರಡು ಗಂಟೆಯಲ್ಲಿ ಹೊರಡಬೇಕಿತ್ತು. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗನೊಬ್ಬ ನಮ್ಮ ಮೇಜಿನ ಮುಂದೆ ಬಂದು ನಿಂತ. "ಸರ್, ನನ್ನ ಟೂಲ್ ಬಾಕ್ಸ್‌ನಲ್ಲಿ ಒಂದು ಸಾಕೆಟ್ ಇಲ್ಲ" ಅಂದ.

ನಟ್ ಬಿಗಿಯಲು ರೆಂಚ್‌ಗೆ ಸಿಕ್ಕಿಸುವ, ಹೆಬ್ಬೆರಳ ಗಾತ್ರದ ಉಕ್ಕಿನ ತುಂಡು ಅದು. ವಿಮಾನವನ್ನು ತಿರುಗಿಸುವ, ಏರಿಳಿಸುವ ಕಂಟ್ರೋಲ್ ಕೇಬಲ್ ಓಡಾಡುವ ಕಡೆ ಬಿದ್ದಿದ್ದರೆ ಕೇಬಲ್ ಸಿಕ್ಕಿಕೊಳ್ಳಬಹುದು. ಹಾಗಾಗಿ ಟೂಲ್ ಸಿಗುವ ತನಕ, ಇಲ್ಲವೇ ಅದು ವಿಮಾನದೊಳಗೆ ಇಲ್ಲ ಅಂತ ಖಚಿತವಾಗುವ ತನಕ, ವಿಮಾನ ಕದಲುವಂತಿಲ್ಲ. "ಎಲ್ಲಿ ನೋಡ್ಕೊಂಡು ಕೆಲಸ ಮಾಡ್ತಿದ್ದೆ?" ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯ ಸೂಪರ್‌ವೈಸರ್ ಎದ್ದು ನಿಂತರು. "ಕೊನೇ ಸಲ ಯಾವ ಪ್ಯಾನಲ್ ಹತ್ತಿರ ಬಳಸಿದ್ದೆ? ಟಾರ್ಚ್ ತಗೋ, ಬಾ ನೋಡೋಣ" ಅಂದರು.

ಐವತ್ತು ನಿಮಿಷ ಹುಡುಕಿದ ಮೇಲೆ ಸಾಕೆಟ್ ಲ್ಯಾಂಡಿಂಗ್ ಗೇರ್, ಅಂದರೆ ಚಕ್ರಗಳು, ಮಡಚಿಕೊಳ್ಳುವ ಗೂಡಿನ ಒಂದು ಮೂಲೆಯಲ್ಲಿ ಸಿಕ್ಕಿತು. ಶಿಫ್ಟ್ ಬದಲಾಗುವಾಗ ಎಲ್ಲರೆದುರು ಸೂಪರ್‌ವೈಸರ್ ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿದರು. ಮುಂದಿನ ತಿಂಗಳು ಆ ಹ್ಯಾಂಗರ್‌ನಿಂದ ಸೇಫ್ಟಿ ವಿಭಾಗಕ್ಕೆ ಬರುವ ವರದಿಗಳು ಜಾಸ್ತಿಯಾದವು. ಏಣಿಯ ಮೆಟ್ಟಿಲು ಸಡಿಲವಾದದ್ದು, ಬೋಲ್ಟ್‌ಗಳನ್ನು ಅಳತೆಗೆ ತಕ್ಕಂತೆ ಬಿಗಿಯುವ ಟಾರ್ಕ್ ರೆಂಚ್‌ನ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಅನ್ನುವ ತಪಾಸಣೆ) ಅವಧಿ ಮುಗಿದದ್ದು, ಹೀಗೆ. ತಪ್ಪುಗಳು ಹೆಚ್ಚುತ್ತಿವೆ ಅಂತ ಮೇಲಿನವರಿಗೆ ಗಾಬರಿ. ತಪ್ಪುಗಳು ಮೊದಲೂ ಅಷ್ಟೇ ಇದ್ದವು. ಈಗ ನಮ್ಮ ಕಣ್ಣಿಗೆ ಬೀಳತೊಡಗಿದ್ದವು.

ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸಂಸ್ಥೆಯೊಂದು ಸುರಕ್ಷತೆಯನ್ನು ನಿಭಾಯಿಸುವ ವ್ಯವಸ್ಥೆ, ಅಂದ ಕೂಡಲೇ ಬಹಳ ಜನರಿಗೆ ದಪ್ಪ ಕೈಪಿಡಿ ನೆನಪಾಗುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, 2013ರಲ್ಲಿ ಇದಕ್ಕಾಗಿಯೇ 19ನೇ ಅನುಬಂಧವನ್ನು ತಂದಿತು. ಅದರ ಪ್ರಕಾರ ಈ ವ್ಯವಸ್ಥೆಗೆ ನಾಲ್ಕು ಭಾಗ. ಸಂಸ್ಥೆಯ ನೀತಿ ಮತ್ತು ಗುರಿ ಒಂದು. ಅಪಾಯ ಗುರುತಿಸಿ ತಗ್ಗಿಸುವುದು ಎರಡನೆಯದು. ನಾವು ಮಾಡಿದ್ದು ನಿಜಕ್ಕೂ ಕೆಲಸಕ್ಕೆ ಬರುತ್ತಿದೆಯಾ ಅಂತ ನೋಡುತ್ತಿರುವುದು ಮೂರನೆಯದು. ತರಬೇತಿ, ಮಾತುಕತೆ ಕೊನೆಯದು. ನಾಲ್ಕೂ ಬೇಕು. ಆದರೆ ಅಪಾಯ ಎಲ್ಲಿದೆ ಅನ್ನುವ ಸುದ್ದಿ ಬರಬೇಕಾದದ್ದು ಕೆಲಸ ನಡೆಯುವ ಜಾಗದಿಂದ. ಅಲ್ಲಿನವರು ಬಾಯಿ ಬಿಡದಿದ್ದರೆ ರಿಸ್ಕ್ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಅಪಾಯ ಎಷ್ಟು ಅಂತ ಅಳೆಯುವ ಪಟ್ಟಿಯಲ್ಲಿ, ನಾವು ತುಂಬುವುದು ಬರೀ ಊಹೆ.

ತರಬೇತಿಯಲ್ಲಿ ನಾನು ಯಾವಾಗಲೂ ಹೇಳುವುದು 2005ರ ಡಿಸೆಂಬರ್ 26ರ ಘಟನೆ. ಅಮೆರಿಕದ ಸಿಯಾಟಲ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್ 536, ಎಂಡಿ-83 ವಿಮಾನ. ಸುಮಾರು 26,000 ಅಡಿ ಎತ್ತರದಲ್ಲಿ ಅದರ ಮೈಗೆ ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ತೂತು ಬಿತ್ತು. ಕ್ಯಾಬಿನ್ನಿನ ಒತ್ತಡ ಹೋಯಿತು, ಆಕ್ಸಿಜನ್ ಮಾಸ್ಕ್‌ಗಳು ಇಳಿದವು. ಪೈಲಟ್‌ಗಳು ಬೇಗ ಕೆಳಗಿಳಿಸಿ ಸಿಯಾಟಲ್‌ಗೇ ವಾಪಸ್ ತಂದರು. ಎಲ್ಲರೂ ಉಳಿದರು. ನೆಲದ ಮೇಲೆ ನಿಂತಿದ್ದಾಗ ವಿಮಾನಕ್ಕೆ ಒಂದು ವಾಹನ ತಾಗಿತ್ತು. ತಗಡು ಮಡಿಚಿಕೊಂಡಿತ್ತು. ವಾಹನ ಓಡಿಸುತ್ತಿದ್ದವರು ಆಗಲೇ ಅದನ್ನು ಹೇಳಲಿಲ್ಲ.

ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಊಹಿಸಲು ಹೋಗುವುದಿಲ್ಲ. ಆದರೆ ರ‍್ಯಾಂಪ್‌ನಲ್ಲಿ, ಅಂದರೆ ವಿಮಾನ ನಿಂತು ಜನ, ಸಾಮಾನು ಹತ್ತಿಳಿಯುವ ಜಾಗದಲ್ಲಿ, ದುಡಿಯುವವರನ್ನು ಕೂರಿಸಿಕೊಂಡು ಕೇಳಿದರೆ ನನಗೆ ಸಿಗುವ ಕಾರಣಗಳು ಹೆಚ್ಚುಕಡಿಮೆ ಒಂದೇ. ಗೀರು ಸಣ್ಣದು ಅನ್ನಿಸಿತು. ವಿಮಾನ ತಡವಾದರೆ ನನ್ನ ಹೆಸರು ಬರುತ್ತೆ. ಹೋದ ಸಲ ಹೇಳಿದವನನ್ನು ಮನೆಗೆ ಕಳಿಸಿದರು. ಈ ಮೂರನೆಯ ಕಾರಣ ಒಮ್ಮೆ ಬೇರು ಬಿಟ್ಟರೆ ಕೀಳಲು ವರ್ಷಗಳು ಬೇಕು.

ಈಗಿನ ವಿಮಾನಗಳಲ್ಲಿ ಈ ಮೌನ ಇನ್ನೂ ಅಪಾಯಕಾರಿ. ಬೋಯಿಂಗ್ 787, ಏರ್‌ಬಸ್ ಎ350 ಥರದ ವಿಮಾನಗಳ ಮೈ ಬಹುಪಾಲು ಕಾರ್ಬನ್ ಫೈಬರ್ ಕಾಂಪೊಸಿಟ್, ಅಂದರೆ ನಾರಿನ ಪದರಗಳನ್ನು ಅಂಟಿನಿಂದ ಬೆಸೆದು ಮಾಡಿದ್ದು. ಅಲ್ಯೂಮಿನಿಯಂ ತಗಡಿಗೆ ಏಟು ಬಿದ್ದರೆ ಸಾಮಾನ್ಯವಾಗಿ ತಗ್ಗು ಉಳಿಯುತ್ತದೆ. ಕಾಂಪೊಸಿಟ್‌ಗೆ ಮೊಂಡಾದದ್ದು ಬಡಿದರೆ, ಉದಾಹರಣೆಗೆ ವಿಮಾನಕ್ಕೆ ಸಾಮಾನು ಏರಿಸುವ ಬೆಲ್ಟ್ ಲೋಡರ್ ವಾಹನದ ರಬ್ಬರ್ ಬಂಪರ್, ಹೊರಮೈ ಮತ್ತೆ ಮೊದಲಿನಂತೆಯೇ ಕಾಣಬಹುದು. ಆದರೆ ಒಳಗೆ ಪದರಗಳು ಬಿಟ್ಟುಕೊಂಡಿರಬಹುದು, ಫ್ರೇಮ್ ಬಿರುಕು ಬಿಟ್ಟಿರಬಹುದು. ಹೊರಡುವ ಮುನ್ನ ಒಂದು ಸುತ್ತು ಹಾಕಿ ನೋಡುವ ಪೈಲಟ್‌ಗೆ ಏನೂ ಗೊತ್ತಾಗುವುದಿಲ್ಲ. ಏಟು ಬಿದ್ದದ್ದು ಗೊತ್ತಿರುವುದು ಲೋಡರ್ ಓಡಿಸಿದವರಿಗೆ ಮಾತ್ರ. ಅವರು ಹೇಳಿದರೆ ಶಬ್ದದ ಅಲೆ ಕಳಿಸಿ ಒಳಗಿನ ಹಾನಿ ಪತ್ತೆ ಮಾಡುವ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಬಹುದು. ಹೇಳದಿದ್ದರೆ ಪರೀಕ್ಷೆ ಮಾಡಬೇಕು ಅಂತಲೇ ಯಾರಿಗೂ ತೋಚುವುದಿಲ್ಲ.

ದುಡಿಯುವವರ ಜೀವದ ವಿಷಯವೂ ಹಾಗೇ. ಓಡುತ್ತಿರುವ ಜೆಟ್ ಎಂಜಿನ್ ಮುಂದೆ ಹಲವು ಮೀಟರ್ ದೂರದವರೆಗೆ ಮನುಷ್ಯನನ್ನು ಒಳಗೆ ಎಳೆದುಕೊಳ್ಳಬಲ್ಲದು. ಎಂಜಿನ್ ನಿಂತು, ಕೆಂಪು ಬೀಕನ್ ದೀಪ ಆರುವ ತನಕ ಅತ್ತ ಹೋಗಬಾರದು. ಇದು ಎಲ್ಲರಿಗೂ ಗೊತ್ತು. ಆದರೂ ಸಾಮಾನು ಇಳಿಸುವ ಆತುರದಲ್ಲಿ ಒಬ್ಬರು ಮೊದಲೇ ಹೆಜ್ಜೆ ಇಡುತ್ತಾರೆ. ಏನೂ ಆಗುವುದಿಲ್ಲ. ಮರುದಿನ ಇಬ್ಬರು. ಕೆಲವು ವಾರಗಳಲ್ಲಿ ಅದೇ ಅಲ್ಲಿನ ರೂಢಿ. ಗೋಡೆಯ ಮೇಲೆ 'ಸುರಕ್ಷತೆಯೇ ಮೊದಲು' ಅಂತ ಬರೆದಿರುತ್ತದೆ. ತಿಂಗಳ ಮೀಟಿಂಗ್‌ನಲ್ಲಿ ಮೊದಲು ಕೇಳುವುದು ಎಷ್ಟು ವಿಮಾನ ಸಮಯಕ್ಕೆ ಹೊರಟವು ಅಂತ. ಜನ ಯಾವುದನ್ನು ನಂಬುತ್ತಾರೆ ಹೇಳಿ?

"ಹಾಗಾದರೆ ಯಾರಿಗೂ ಶಿಕ್ಷೆಯೇ ಇಲ್ವಾ?" ಅಂತ ಮ್ಯಾನೇಜರ್‌ಗಳು ಕೇಳುತ್ತಾರೆ. ಇದೆ. ತಪ್ಪು ಹೇಳಿಕೊಂಡವರನ್ನು ನ್ಯಾಯವಾಗಿ ನಡೆಸಿಕೊಳ್ಳುವ ಈ ರೀತಿಗೆ ಜಸ್ಟ್ ಕಲ್ಚರ್ ಅನ್ನುತ್ತಾರೆ. ಹಾಗಂದರೆ ಎಲ್ಲರಿಗೂ ಮಾಫಿ ಅಂತ ಅಲ್ಲ. ಮರೆತದ್ದು, ಕೈತಪ್ಪಿದ್ದು ಬೇರೆ. ಕುಡಿದು ಕೆಲಸಕ್ಕೆ ಬಂದದ್ದು, ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು ಬೇರೆ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದಿದೆ. ಅಷ್ಟೇ ತರಬೇತಿ ಇರುವ ಇನ್ನೊಬ್ಬರನ್ನು ಅದೇ ರಾತ್ರಿ, ಅದೇ ಬೆಳಕಿನಲ್ಲಿ, ಅದೇ ಆತುರದಲ್ಲಿ ನಿಲ್ಲಿಸಿದ್ದರೆ ಅವರೂ ಇದನ್ನೇ ಮಾಡುತ್ತಿದ್ದರಾ? ಹೌದು ಅನ್ನಿಸಿದರೆ ಈ ವ್ಯಕ್ತಿಯನ್ನು ಕೆಲಸದಿಂದ ತೆಗೆದು ಏನೂ ಸಾಧಿಸಿದಂತಾಗುವುದಿಲ್ಲ. ಅದೇ ಗುಂಡಿ ಮುಂದಿನವರಿಗೆ ಕಾಯುತ್ತಿರುತ್ತದೆ. ಇಡೀ ಶಿಫ್ಟ್ ನಿಯಮ ಬಿಟ್ಟು ನಡೆಯುತ್ತಿದ್ದರೆ ಪ್ರಶ್ನೆ ಮ್ಯಾನೇಜರ್ ಕಡೆಗೇ ತಿರುಗಬೇಕು.

1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಬಳಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ಆಕಾಶದಲ್ಲೇ ಒಡೆದುಬಿತ್ತು. ಅದರಲ್ಲಿದ್ದ 14 ಜನರೂ ಸತ್ತರು. ಹಿಂದಿನ ರಾತ್ರಿ ಅದರ ಬಾಲದ ಅಡ್ಡರೆಕ್ಕೆಯ ಮುಂದಿನ ಅಂಚಿನಿಂದ, ಎಡಬದಿಯ ಮೇಲ್ಭಾಗದಲ್ಲಿ, 47 ಸ್ಕ್ರೂ ಬಿಚ್ಚಿದ್ದರು. ಅಷ್ಟರಲ್ಲಿ ಶಿಫ್ಟ್ ಬದಲಾಯಿತು. ಬಿಚ್ಚಿದ ವಿಷಯ ಬರಹದಲ್ಲಿ ಮುಂದಿನ ಶಿಫ್ಟ್‌ಗೆ ತಲುಪಲಿಲ್ಲ. ಸ್ಕ್ರೂಗಳು ಮತ್ತೆ ಕೂರಲಿಲ್ಲ. ಬೆಳಗಿನ ಮೊದಲ ಹಾರಾಟ ಸುಸೂತ್ರವಾಗಿ ಮುಗಿದಿತ್ತು. ಬಿದ್ದದ್ದು ವಾಪಸ್ ಬರುವಾಗ. ತನಿಖಾ ಮಂಡಳಿಯ ಸದಸ್ಯ ಜಾನ್ ಲಾಬರ್ ಉಳಿದವರ ತೀರ್ಮಾನಕ್ಕೆ ಭಿನ್ನಮತ ಬರೆದರು. ನಿಯಮ ಪಾಲಿಸುವ ಸಂಸ್ಕೃತಿಯನ್ನು ಆಡಳಿತ ಬೆಳೆಸಲಿಲ್ಲ ಅನ್ನುವುದೂ ಕಾರಣಗಳಲ್ಲಿ ಸೇರಬೇಕು ಅನ್ನುವುದು ಅವರ ವಾದ. ಅವರ ಮಾತು ಸರಿ ಅಂತಲೇ ನನ್ನ ನಂಬಿಕೆ. ಶಿಫ್ಟ್ ಹಸ್ತಾಂತರಕ್ಕೆ ಹತ್ತು ನಿಮಿಷ ಕೊಡದ ಸಂಸ್ಥೆ, ಅದನ್ನು ಬರೆಯದವರ ಮೇಲೆ ಪೂರ್ತಿ ತಪ್ಪು ಹೊರಿಸುವಂತಿಲ್ಲ.

ಹೇಳಿದ್ದು ತಲುಪಬೇಕಾದ ಕಡೆ ತಲುಪದಿದ್ದರೂ ಕಷ್ಟವೇ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿಯ ಡಲಸ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ಟಿಡಬ್ಲ್ಯೂಎ 514 ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಸುಮಾರು ಆರು ವಾರ ಮೊದಲು ಇನ್ನೊಂದು ಏರ್‌ಲೈನ್‌ನ ಪೈಲಟ್‌ಗಳು ಅದೇ ಜಾಗದಲ್ಲಿ, ಎಷ್ಟು ಕೆಳಗಿಳಿಯಬಹುದು ಅನ್ನುವ ಅದೇ ಥರದ ಗೊಂದಲದಿಂದ, ಕೂದಲೆಳೆಯಲ್ಲಿ ಪಾರಾಗಿದ್ದರು. ಅವರು ತಮ್ಮ ಸಂಸ್ಥೆಗೆ ಹೇಳಿದ್ದರು. ಆ ಎಚ್ಚರಿಕೆ ಟಿಡಬ್ಲ್ಯೂಎ ಪೈಲಟ್‌ಗಳವರೆಗೆ ಬರಲಿಲ್ಲ. ಈ ದುರಂತದ ನಂತರ, 1976ರಲ್ಲಿ, ಹೆಸರು ಗುಟ್ಟಾಗಿಟ್ಟು ವರದಿ ಪಡೆಯುವ ವ್ಯವಸ್ಥೆ ಅಮೆರಿಕದಲ್ಲಿ ಶುರುವಾಯಿತು. ಅದನ್ನು ದಂಡ ಹಾಕುವ ಇಲಾಖೆಯ ಕೈಗೆ ಕೊಡದೆ ನಾಸಾಗೆ ಒಪ್ಪಿಸಿದರು. ಉದ್ದೇಶವಿಲ್ಲದೆ ನಿಯಮ ತಪ್ಪಿದವರು 10 ದಿನದೊಳಗೆ ಅಲ್ಲಿಗೆ ಬರೆದು ಕಳಿಸಿದ್ದರೆ ಸಾಮಾನ್ಯವಾಗಿ ದಂಡದಿಂದ ವಿನಾಯಿತಿ ಸಿಗುತ್ತದೆ. ಜನ ನಂಬಿ ಬರೆಯುವುದು ಅದಕ್ಕೇ.

ನಮ್ಮಲ್ಲಿ ನಾನು ಬಿಡದೆ ಪಾಲಿಸುವ ಒಂದು ರೂಢಿ ಇದೆ. ವರದಿ ಬಂದ ಮೂರು ದಿನದೊಳಗೆ ಬರೆದವರಿಗೆ ಫೋನ್ ಮಾಡುತ್ತೇನೆ. "ಹೇಳಿದ್ದೆ, ಏನೂ ಆಗಲಿಲ್ಲ" ಅನ್ನುವ ಬೇಸರ ಬೈಗುಳಕ್ಕಿಂತ ಬೇಗ ಬಾಯಿ ಮುಚ್ಚಿಸುತ್ತದೆ. ಲೋಡರ್ ಓಡಿಸುವ ಒಬ್ಬರು ವಿಮಾನ ನಿಲ್ಲಿಸುವ ಒಂದು ಸ್ಟ್ಯಾಂಡ್‌ನ ದೀಪ ನೇರ ಕಣ್ಣಿಗೆ ಹೊಡೆಯುತ್ತದೆ ಅಂತ ಬರೆದಿದ್ದರು. ಕಂಬ ಸರಿಸಲು ನಮಗೆ ತಿಂಗಳುಗಳೇ ಹಿಡಿದವು. ಏಕೆ ತಡ ಅಂತ ಪ್ರತಿ ಸಲ ಅವರಿಗೆ ತಿಳಿಸುತ್ತಿದ್ದೆ. ಹೋದ ವಾರ ರಾತ್ರಿ ಅವರೇ ಫೋನ್ ಮಾಡಿದರು. "ಸರ್, ನನ್ನ ಲೋಡರ್ ಬಾಗಿಲ ಪಕ್ಕ ತಾಗಿತು. ಗೀರೇನೂ ಕಾಣ್ತಿಲ್ಲ. ಆದ್ರೆ ತಾಗಿದ್ದು ನಿಜ" ಅಂದರು. ಬಾಗಿಲಿನ ಹಿಂದಕ್ಕೋ ಮುಂದಕ್ಕೋ ಅಂತ ಕೇಳಿದೆ. ಹಿಂದಕ್ಕೆ ಅಂದರು. ವಿಮಾನ ನಿಲ್ಲಿಸಿ, ಪರೀಕ್ಷಿಸುವವರನ್ನು ಅಲ್ಲಿಗೇ ಕಳಿಸಿದೆವು.