ಪರಭಕ್ಷಕ: ತಿನ್ನುವವರೆಲ್ಲ ಅಲ್ಲ

ಚಿಕ್ಕಮಗಳೂರಿನ ಒಂದು ಕಾಲೇಜಿನ ಹುಡುಗರು ವಾರ್ಷಿಕೋತ್ಸವಕ್ಕೆ ನಾಟಕ ಆಡುತ್ತಿದ್ದಾರೆ. ಅದರ ಕರಪತ್ರ ನಾನು ದಿನಾ ಕಾಫಿ ಕುಡಿಯುವ ಹೋಟೆಲಿನ ಗಲ್ಲಾದ ಮೇಲೆ ಬಿದ್ದಿತ್ತು. ಕತೆಯೇನೋ ಚೆನ್ನಾಗಿದೆ. ಮೂವರು ಪತ್ತೇದಾರರು ಕಾಲಯಂತ್ರ ಹತ್ತಿ ನೂರಿಪ್ಪತ್ತು ವರ್ಷ ಹಿಂದಕ್ಕೆ, ಹಾಸನ ಸೀಮೆಯ ಪ್ಲೇಗಿನ ಊರೊಂದಕ್ಕೆ ಹೋಗುತ್ತಾರೆ. ಅಲ್ಲಿ ಪ್ಲೇಗೇ ಇಲ್ಲ. ಬೇರೆ ಗ್ರಹದಿಂದ ಬಂದ ಯಾವುವೋ ಪ್ಲೇಗಿನ ಹೆಸರಿನ ಮರೆಯಲ್ಲಿ ಮನುಷ್ಯರನ್ನು ಬೇಟೆಯಾಡುತ್ತಿವೆ. ಇಷ್ಟು ಓದಿ ಖುಷಿಯಾಯಿತು. ಮುಂದಿನ ಸಾಲಿನಲ್ಲಿ ಬೇಟೆಯಾಡುವ ಆ ಪ್ರಾಣಿಗಳು 'ಅನ್ಯಗ್ರಹದ ಪರಾವಲಂಬಿಗಳು' ಆಗಿದ್ದವು. ಅದರ ಕೆಳಗೆ, 'ಪ್ಲೇಗ್ ಎಂಬ ಪರಭಕ್ಷಕ ಕಾಯಿಲೆ'.

ಬರೆದ ಹುಡುಗ ಅಲ್ಲೇ ಇದ್ದ. "ಎರಡೂ ಒಂದೇ ಅಲ್ವಾ ಸಾರ್? ಇನ್ನೊಬ್ಬರನ್ನ ತಿಂದು ಬದುಕೋದು ತಾನೆ?"

ಒಂದೇ ಅಲ್ಲ ಮಾರಾಯ. ಪರಭಕ್ಷಕ ಕೊಂದು ತಿನ್ನುತ್ತದೆ, ಪರಾವಲಂಬಿ ಬದುಕಿರುವ ಮೈಯಲ್ಲೇ ಕೂತು ಉಣ್ಣುತ್ತದೆ. ಇದೇ ಕಲಸುಮೇಲೋಗರವನ್ನು ಈ ವರ್ಷ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. 'ಪರಭಕ್ಷಕ ವೈರಸ್', 'ಪರಭಕ್ಷಕ ಜಿಗಣೆ', ಬಡ್ಡಿ ವ್ಯಾಪಾರಿಯ ಮೇಲಿನ ಲೇಖನವೊಂದರಲ್ಲಿ ಒಂದೇ ವಾಕ್ಯದೊಳಗೆ ಅವನು ಪರಭಕ್ಷಕನೂ ಹೌದು ಪರಾವಲಂಬಿಯೂ ಹೌದು.

ತಪ್ಪು ಅರ್ಧ ಪದದ್ದೇ. ಪರಭಕ್ಷಕ ಎಂದರೆ ಅಕ್ಷರಶಃ ಬೇರೆಯವರನ್ನು ತಿನ್ನುವವನು. ಆ ಲೆಕ್ಕಕ್ಕೆ ಹುಲ್ಲು ಮೇಯುವ ಹಸುವೂ ಬಂತು, ಹುಲ್ಲು ಹಸುವಿಗೆ ಪರವೇ ಅಲ್ಲವೆ? ಹಾಗಾಗಿ ಪದವನ್ನು ಬಿಡಿಸಿ ಅರ್ಥ ಹುಡುಕುವವರು ದಾರಿ ತಪ್ಪುತ್ತಾರೆ. ಆದರೂ ಬಿಡಿಸಿ ನೋಡುವ ಸುಖ ಬೇರೆ. 'ಭಕ್ಷ್' ಎಂಬ ಧಾತು 'ಭಜ್'ನಿಂದ ಒಡೆದು ಬಂದದ್ದು ಎನ್ನುತ್ತಾರೆ ಪಂಡಿತರು. ಭಜ್ ಎಂದರೆ ಹಂಚು, ಪಾಲು ಪಡೆ. ಭಾಗ, ವಿಭಾಗ ಅದರ ಮಕ್ಕಳು. ಭಕ್ತನೂ ಅದರ ಮಗನೇ. ಸಂಸ್ಕೃತದಲ್ಲಿ 'ಭಕ್ತ' ಎಂದರೆ ದೇವರಿಗೆ ನಡೆದುಕೊಳ್ಳುವವನು ಮಾತ್ರ ಅಲ್ಲ, ಪಾಲಿಗೆ ಬಂದ ಊಟ, ಬೇಯಿಸಿದ ಅನ್ನ ಕೂಡ. ಪ್ರಾಕೃತದ ಬಾಯಲ್ಲಿ ಅದು 'ಭತ್ತ' ಆಯಿತು. ನಮ್ಮ ಗದ್ದೆಯ ಭತ್ತ, ಮರಾಠಿಯ ದಾರಿಯಲ್ಲಿ ಬಂದು ಬಿಸಿಬೇಳೆಯ ಜೊತೆ ಸೇರಿದ ಬಾತ್, ಊಟದ ಖರ್ಚಿಗೆ ಕೊಡುವ ಭತ್ಯೆ, ಎಲ್ಲ ಅದೇ ಬಳ್ಳಿಯ ಕಾಯಿ. ಅಂದರೆ ಭದ್ರಾ ಕಾಡಿನ ಹುಲಿಗೂ ಸರ್ಕಾರಿ ನೌಕರರ ತುಟ್ಟಿಭತ್ಯೆಗೂ ಒಂದೇ ಬೇರು. ಹಂಚಿ ಉಣ್ಣುವ ಧಾತು ಕಿತ್ತು ತಿನ್ನುವವನ ಹೆಸರಿಗೆ ಬಂದು ಕೂತಿದೆ.

ಇಂಗ್ಲಿಷಿನವರ 'ಪ್ರಿಡೇಟರ್' ಲ್ಯಾಟಿನ್ನಿನಲ್ಲಿ ಕೊಳ್ಳೆ ಹೊಡೆಯುವವನು, ಅಲ್ಲಿ ತಿನ್ನುವ ಮಾತೇ ಇಲ್ಲ. ತಿನ್ನುವ ಮಾತು ಇರುವುದು 'ಪ್ಯಾರಸೈಟ್'ನಲ್ಲಿ. ಗ್ರೀಕಿನಲ್ಲಿ 'ಪರಾ' ಎಂದರೆ ಪಕ್ಕ, 'ಸಿತೋಸ್' ಎಂದರೆ ಧಾನ್ಯ, ಊಟ. ಇನ್ನೊಬ್ಬರ ಎಲೆಯ ಪಕ್ಕ ಕೂತು ಉಣ್ಣುವವನು. ಅಲ್ಲಿನ 'ಪರಾ'ವನ್ನು ನಮ್ಮ 'ಪರ'ದ ಅರ್ಥದಲ್ಲಿ ಓದಿದರೆ ಮತ್ತೆ ಮೋಸ. ನಮ್ಮಲ್ಲಿ ಅವನು ಪರಾವಲಂಬಿ, ಪರೋಪಜೀವಿ. (ಪರಪುಷ್ಟ, ಪರಭೃತ ಎಂದೂ ಬರೆಯಲು ಹೊರಟವರಿಗೆ: ಅವು ಕೋಗಿಲೆಯ ಹೆಸರುಗಳು. ಕಾಗೆಯ ಗೂಡಿನಲ್ಲಿ ಬೆಳೆದದ್ದಕ್ಕೆ.)

ಸಂಸ್ಕೃತ ಬೇಡ ಎನ್ನುವವರಿಗೆ ದನದ ಕಿವಿಯಲ್ಲೇ ಪದ ಕಚ್ಚಿಕೊಂಡಿದೆ. ಉಣ್ಣೆ. ಕುರಿಯ ಉಣ್ಣೆ ಬೇರೆ, ಅದು ಸಂಸ್ಕೃತದ 'ಊರ್ಣ'. ಈ ಉಣ್ಣೆ 'ಉಣ್' ಎಂಬ ಕ್ರಿಯಾಪದದಿಂದ ಬಂದದ್ದು, ತಮಿಳಿನವರಿಗೂ ಅದು 'ಉಣ್ಣಿ'. ಹಿರಿಯರು ಅದಕ್ಕೆ 'ಕೊಲ್ಲುವುದು' ಎಂದು ಹೆಸರಿಡಲಿಲ್ಲ, 'ಉಣ್ಣುವುದು' ಎಂದರು. ನನ್ನ ಪ್ರಕಾರ ಇಡೀ ವ್ಯತ್ಯಾಸ ಅದರಲ್ಲೇ ಇದೆ. ಪರಾವಲಂಬಿಗೆ ಆಸರೆಯ ಜೀವವೇ ಮನೆ, ಅದೇ ಉಗ್ರಾಣ. ಆಸರೆ ಸತ್ತರೆ ಅದಕ್ಕೆ ನಷ್ಟ. ಪರಭಕ್ಷಕಕ್ಕೆ ಬೇಟೆ ಸಾಯದೆ ಊಟವೇ ಇಲ್ಲ, ಮತ್ತು ಒಂದು ಸತ್ತ ಮೇಲೆ ಇನ್ನೊಂದು ಬೇಕು. ಕಾಫಿಯ ಕಾಯಿಕೊರಕ ಹುಳದ ಹತೋಟಿಗೆ ಬಿಡುವ ಪುಟ್ಟ ಕಣಜದಂಥವು ಇವೆರಡರ ನಡುವೆ ಇವೆ, ಅದರ ಮರಿ ಕೊರಕದ ಮೇಲೇ ಬೆಳೆದು ಕೊನೆಗೆ ಅದನ್ನು ಮುಗಿಸುತ್ತದೆ. ಸದ್ಯಕ್ಕೆ ಅದನ್ನು ತೋಟದಲ್ಲೇ ಬಿಡೋಣ.

ಇನ್ನು ಕಾಯಿಲೆಗೆ ಬರೋಣ. ಪ್ಲೇಗು ಊರಿಗೆ ಊರನ್ನೇ ನುಂಗಿತು ಎನ್ನುತ್ತೇವೆ, ಮಾರಿಗೆ ಬಾಯಿ ಕೊಟ್ಟವರು ನಾವು. ಮಾತಿಗೆ ಸರಿ. ಆದರೆ 'ನುಂಗಿತು' ಎಂದದ್ದನ್ನೇ ಹಿಡಿದು 'ಪರಭಕ್ಷಕ ಕಾಯಿಲೆ' ಎಂದರೆ ಕವಿತೆಗೆ ಲ್ಯಾಬಿನ ಕೋಟು ತೊಡಿಸಿದ ಹಾಗೆ. ಪ್ಲೇಗಿನಲ್ಲಿ ಯಾರು ಯಾರನ್ನು ತಿನ್ನುತ್ತಾರೆ ನೋಡಿ. ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯರ್ಸಿನ್ ಎಂಬ ವಿಜ್ಞಾನಿ ಗುರುತಿಸಿದ. ಅದನ್ನು ಇಲಿಯಿಂದ ಸಾಗಿಸುವುದು ಚಿಗಟ ಎಂದು 1898ರಲ್ಲಿ ಕರಾಚಿಯಲ್ಲಿ ಸಿಮೋಂ ಎಂಬ ವೈದ್ಯ ತೋರಿಸಿದ. ಅದೇ ವರ್ಷ ಪ್ಲೇಗು ಬೆಂಗಳೂರಿಗೂ ಬಂತು. ರೋಗಾಣು ಚಿಗಟದ ಹೊಟ್ಟೆಯ ಬಾಯಲ್ಲಿ ಬೆಳೆದು ದಾರಿ ಕಟ್ಟಿಬಿಡುತ್ತದೆ. ಕುಡಿದ ರಕ್ತ ಒಳಗಿಳಿಯುವುದಿಲ್ಲ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಲ್ಲೆಲ್ಲ ರೋಗಾಣುವನ್ನು ಕಕ್ಕುತ್ತದೆ, ಕೊನೆಗೆ ಉಪವಾಸದಲ್ಲೇ ಸಾಯುತ್ತದೆ. ಇಲಿ ಸತ್ತು ಮೈ ತಣ್ಣಗಾದಾಗ ಉಳಿದ ಚಿಗಟಗಳು ಮನುಷ್ಯನ ಮೈ ಹುಡುಕುತ್ತವೆ. ಇಲಿ, ಚಿಗಟ, ಮನುಷ್ಯ ಮೂವರೂ ಸತ್ತರು. ಹೊಟ್ಟೆ ತುಂಬಿದವರು ಯಾರೂ ಇಲ್ಲ. ಇದಕ್ಕೆ ಬೇಟೆ ಎನ್ನುವುದು ಹೇಗೆ?

ನಮ್ಮ ಕೊಪ್ಪ, ನರಸಿಂಹರಾಜಪುರದ ಕಡೆಯವರಿಗಂತೂ ಇದನ್ನು ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಕಾಯಿಲೆಗೆ ಜನ 'ಮಂಗನ ಕಾಯಿಲೆ' ಎಂದರು, ಪಾಪ ಮಂಗ ಸಾಯುವುದೂ ಅದರಿಂದಲೇ. ಸಾಗಿಸುವುದು ಉಣ್ಣೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು ಉಣ್ಣೆಗೆ ಹೆದರಿ, ಮಂಗನಿಗಲ್ಲ.

ಇನ್ನೊಂದು ಕಡೆಯ ತಪ್ಪು ಸಕಲೇಶಪುರ, ಆಲೂರಿನ ಆನೆ ಸುದ್ದಿಗಳಲ್ಲಿ. 'ನರಭಕ್ಷಕ ಆನೆ ಸೆರೆ' ಎಂದು ಓದಿ ನಕ್ಕಿದ್ದೇನೆ, ನಗಬಾರದಿತ್ತು, ಒಂದು ಜೀವ ಹೋಗಿತ್ತು. ಆನೆ ತುಳಿಯುತ್ತದೆ, ಕೊಲ್ಲುತ್ತದೆ, ತಿನ್ನುವುದು ಬೈನೆ, ಬಾಳೆ, ಭತ್ತ. ಅದು ನರಹಂತಕ. ನರಭಕ್ಷಕ ಎಂಬುದನ್ನು ಹುಲಿ ಚಿರತೆಗಳಿಗೆ ಇಟ್ಟುಕೊಳ್ಳಿ, ಅವುಗಳಲ್ಲೂ ಆ ಹೆಸರಿಗೆ ತಕ್ಕವು ತೀರಾ ಕಡಿಮೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ನಿನ್ನ ನಾಟಕ ನಿಂತಿರುವುದೇ ಈ ಒಂದು ಪದದ ಮೇಲೆ. ಬಂದವು ಪರಾವಲಂಬಿಗಳಾದರೆ ಅವೇ ಕಾಯಿಲೆ, ಇನ್ನೊಂದು ಕಾಯಿಲೆಯ ಮರೆ ಯಾಕೆ? ಮರೆ ಬೇಕಿರುವುದು ಪರಭಕ್ಷಕಕ್ಕೆ. ಪ್ಲೇಗು ಅಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು, ಹೆಣದ ಹತ್ತಿರ ಹೋಗಲು ನೆಂಟರೂ ಅಂಜುತ್ತಿದ್ದರು. ಗಾಯ ನೋಡುವವರು ಯಾರು? ಪತ್ತೇದಾರರು ಹಿಡಿಯಬೇಕಾದ ಸುಳಿವೂ ಪದದಲ್ಲೇ ಇದೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಕೊಲ್ಲುತ್ತದೆ, ಹೆಚ್ಚುಕಮ್ಮಿ ವಾರಕ್ಕೊಂದು. ಪ್ಲೇಗು ಹಾಗೆ ವಾರ ಎಣಿಸಿ ಬರುವುದಿಲ್ಲ, ಒಂದೇ ಮನೆಯಲ್ಲಿ ಸಾಲಾಗಿ ಮಲಗಿಸುತ್ತದೆ. ನಿನ್ನ ಊರಿನಲ್ಲಿ ವಾರಕ್ಕೊಬ್ಬ, ಅದೂ ಒಂಟಿಯಾಗಿ ಸಿಕ್ಕವನು ಸಾಯಲಿ. ಎಲ್ಲಕ್ಕಿಂತ ಮುಖ್ಯ, ಇಲಿ ಸತ್ತು ಬೀಳಬಾರದು. ಇಲಿ ಬಿತ್ತು ಎಂದರೆ ಪ್ಲೇಗು ಬಂತು ಎಂದೇ ಆ ಕಾಲದವರ ಲೆಕ್ಕ. ಇಲಿ ಬೀಳದ ಪ್ಲೇಗು ಎಂಥದು ಎಂದು ಮುದುಕಿಯೊಬ್ಬಳು ಕೇಳಿದರೆ ಸಾಕು, ನಿನ್ನ ಪತ್ತೇದಾರರಿಗೆ ಕಾಲಯಂತ್ರ ಬಿಟ್ಟರೆ ಬೇರೆ ಯಂತ್ರ ಬೇಡ.

ಕರಪತ್ರ ತಿದ್ದಿ ಮತ್ತೆ ಅಚ್ಚು ಹಾಕಿಸಿದ್ದಾರೆ. ಈಗ ಪರಭಕ್ಷಕಗಳು ಪರಭಕ್ಷಕಗಳಾಗಿವೆ, ಪ್ಲೇಗು ಬರೀ ಪ್ಲೇಗಾಗಿದೆ. ಇಲಿ ಬೀಳುವ ದೃಶ್ಯ ಮಾತ್ರ ತೆಗೆಯುವುದಿಲ್ಲವಂತೆ. ಹತ್ತಿ ತುಂಬಿದ 12 ಇಲಿ ಆಗಲೇ ಹೊಲಿಸಿ ಆಗಿದೆ.